ಅಚ್ಚುಮೊಳೆಯಿಂದ ತುಂಗೆಯವರೆಗೆ

ಕಳೆದ ಮಳೆಗಾಲದಲ್ಲಿ ನಮ್ಮ ತೀರ್ಥರೂಪರ ವರ್ಷಾಂತಿಕದ ನಿಮಿತ್ತ ನೂರು ಕರೆಯೋಲೆಗಳನ್ನು ಅಚ್ಚು ಹಾಕಿಸುವ ಪ್ರಸಂಗ ಬಂತು. ಮನೆಯ ಗಣಕದಲ್ಲಿ ಕನ್ನಡದಲ್ಲೇ ಬೆರಳಚ್ಚು ಮಾಡಿ, ತಪ್ಪುಗಳನ್ನು ಎರಡು ಸಲ ತಿದ್ದಿ, ಉಲ್ಹಾಸನಗರದ ನಮ್ಮ ಬೀದಿಯ ಕೊನೆಯಲ್ಲಿರುವ ಒಂದು ಸಣ್ಣ ಮುದ್ರಣಾಲಯಕ್ಕೆ ಕೊಟ್ಟು ಬಂದೆವು. ಮರುದಿನ ಸಂಜೆ ಕಚೇರಿಯಿಂದ ಬರುವಾಗ ಕಟ್ಟು ಸಿದ್ಧವಾಗಿತ್ತು. ಬಿಚ್ಚಿ ನೋಡಿದರೆ ಕರುಳು ಚುರ್ರೆಂದಿತು. ವರ್ಷಾಂತಿಕದ ಅರ್ಕಾವತ್ತು ಹಾರಿಹೋಗಿತ್ತು. ಒತ್ತಕ್ಷರಗಳಿರಬೇಕಾದ ಕಡೆ ಯಾವುದೋ ಯುರೋಪಿನ ಚಿಹ್ನೆಗಳು ಕುಳಿತಿದ್ದವು. ತಂದೆಯವರ ಹೆಸರಿನಲ್ಲಿಯೇ ಒಂದು ಒತ್ತು ಕಾಣೆಯಾಗಿತ್ತು. ಎಪ್ಪತ್ತೆಂಟು ವರ್ಷ ಆ ಹೆಸರನ್ನು ಹೊತ್ತು ಬದುಕಿದ ಮನುಷ್ಯನನ್ನು ನಾವು ಕಾಗದದ ಮೇಲೆ ಇನ್ನೊಬ್ಬನನ್ನಾಗಿ ಮಾಡಿದ್ದೆವು.

ಅಂಗಡಿಯ ಯಜಮಾನರು ವಯಸ್ಸಾದ ಸಿಂಧಿ ಗೃಹಸ್ಥರು. ನಮ್ಮ ಮುಖ ನೋಡಿ, ಹಣ ಬೇಡ, ಇನ್ನೊಮ್ಮೆ ಹಾಕಿಕೊಡುತ್ತೇನೆ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಂದು ಮಾತು ಹೇಳಿದರು: "ನಿಮ್ಮ ಅಕ್ಷರ ಕೆಟ್ಟಿದೆ ಎಂದು ನಿಮಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ನನ್ನ ತಂದೆ ಬರೆದ ಕಾಗದಗಳ ಒಂದು ಪೆಟ್ಟಿಗೆ ಇದೆ. ಅದರಲ್ಲಿ ತಪ್ಪಿದೆಯೋ ಒಪ್ಪಿದೆಯೋ ಹೇಳುವವರೇ ಈಗ ಮನೆಯಲ್ಲಿಲ್ಲ."

ಈ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಅದೇ ಹೊತ್ತಿಗೆ ನಮ್ಮ ಸಂಘದಲ್ಲಿಯೂ ಒಂದು ಸಲಹೆ ಬಂದಿತ್ತು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಮಾತು ಬರುತ್ತದೆ, ಓದು ಬರುವುದಿಲ್ಲ. ಆದ್ದರಿಂದ ಪತ್ರಿಕೆಯ ಮಕ್ಕಳ ಪುಟವನ್ನಾದರೂ ಕನ್ನಡ ಭಾಷೆಯಲ್ಲಿ, ದೇವನಾಗರಿ ಅಕ್ಷರದಲ್ಲಿ ಅಚ್ಚು ಹಾಕಬಾರದೇಕೆ ಎಂಬುದು ಆ ಸಲಹೆ. ಹೇಳಿದವರು ಕನ್ನಡದ ಮೇಲೆ ಪ್ರೀತಿಯಿಂದಲೇ ಹೇಳಿದ್ದರು. ಆದ್ದರಿಂದ ಒಮ್ಮೆಗೇ ತಳ್ಳಿಹಾಕದೆ, ನಮ್ಮ ಅಕ್ಷರಗಳು ಕಾಗದದ ಮೇಲೆ ಬಂದು ಕುಳಿತ ಕಥೆಯನ್ನು ತಿಳಿದುಕೊಂಡು ಆಮೇಲೆ ಉತ್ತರ ಹೇಳೋಣ ಎಂದುಕೊಂಡೆವು. ನಾವು ವಿದ್ವಾಂಸರಲ್ಲ; ವಿಜ್ಞಾನದ ಪದವಿ ಪಡೆದು ಸರಕಾರಿ ಕಡತಗಳ ನಡುವೆ ದಿನ ಕಳೆಯುವವರು. ಓದುಗರು ಆ ಅಳತೆಯಲ್ಲಿಯೇ ಇದನ್ನು ಸ್ವೀಕರಿಸಬೇಕು.

ಅಕ್ಷರದ ಮೈಕಟ್ಟು

ಮೊದಲು ಅಕ್ಷರದ ಮೈಕಟ್ಟನ್ನು ನೋಡೋಣ. ಕನ್ನಡ ವರ್ಣಮಾಲೆಯಲ್ಲಿ ೧೩ ಸ್ವರ, ೨ ಯೋಗವಾಹ, ೩೪ ವ್ಯಂಜನ, ಹೀಗೆ ಒಟ್ಟು ೪೯ ಅಕ್ಷರಗಳೆಂದು ನಾವೆಲ್ಲ ಒಂದನೆಯ ಇಯತ್ತೆಯಲ್ಲಿ ಕಲಿತಿದ್ದೇವೆ. ಆದರೆ ಅಚ್ಚುಕೂಟದವನ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ೩೪ ವ್ಯಂಜನಗಳನ್ನು ೧೩ ಸ್ವರಗಳೊಡನೆ ಗುಣಿಸಿದರೆ ೪೪೨ ಗುಣಿತಾಕ್ಷರಗಳಾದವು. ಒಂದು ವ್ಯಂಜನಕ್ಕೆ ಇನ್ನೊಂದು ಒತ್ತಾಗಿ ಬಂದರೆ ೩೪ರ ವರ್ಗ, ಅಂದರೆ ೧,೧೫೬ ಜೋಡಿಗಳು. ಅವಕ್ಕೆ ಸ್ವರಗಳನ್ನು ಸೇರಿಸಿದರೆ ೧೫,೦೨೮. ಇವುಗಳಲ್ಲಿ ಬಹಳಷ್ಟು ಭಾಷೆಯಲ್ಲಿ ಬರುವುದೇ ಇಲ್ಲ ಎಂಬುದು ನಿಜ. ಆದರೂ ದೊಡ್ಡ ಮತ್ತು ಸಣ್ಣ ಅಕ್ಷರ ಸೇರಿ ೫೨ಕ್ಕೆ ಮುಗಿದುಹೋಗುವ ಇಂಗ್ಲಿಷಿನ ಎದುರು ನಮ್ಮ ಅಚ್ಚುಕೂಟದವರು ಹೊತ್ತ ಹೊರೆ ಎಷ್ಟೆಂಬುದು ಇದರಿಂದ ತಿಳಿದೀತು.

ಈ ಹೊರೆಯನ್ನು ಹಗುರ ಮಾಡಿದ್ದು ನಮ್ಮ ಲಿಪಿಯ ಕೌಟುಂಬಿಕ ಗುಣ. ಪ, ಫ, ಷ, ವ, ಮ, ಹ ಇವೆಲ್ಲ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ರ ಮತ್ತು ಠ ಅವಳಿಜವಳಿ. ನಡುವಿನ ಒಂದು ಚುಕ್ಕೆ ಮಾತ್ರ ವ್ಯತ್ಯಾಸ. ದ ಮತ್ತು ಧ ಇವುಗಳಿಗೆ ಕೆಳಗಿನ ಒಂದು ಸೀಳು ಮಾತ್ರ ವ್ಯತ್ಯಾಸ. ಬಹುತೇಕ ವ್ಯಂಜನಗಳ ನೆತ್ತಿಯ ಮೇಲೆ ತಲೆಕಟ್ಟು ಇದೆ; ಬ, ಲ, ಜ, ಣ ಮೊದಲಾದ ಕೆಲವಕ್ಕೆ ಮಾತ್ರ ಇಲ್ಲ. ಅಕ್ಷರ ಬಿಡಿಸುವ ಕಲಾವಿದನು ಕೆಲವೇ ಮೂಲ ಆಕಾರಗಳನ್ನು ಮೊದಲು ಗಟ್ಟಿ ಮಾಡಿಕೊಂಡು, ಅವುಗಳಿಂದ ಮಿಕ್ಕವನ್ನು ಬೆಳೆಸುತ್ತಾನೆ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಹೊಟ್ಟೆಯೊಳಗೆ ಬಿಳಿ ಜಾಗ ಎಷ್ಟು, ಒಂದರ ಪಕ್ಕ ಇನ್ನೊಂದು ನಿಂತಾಗ ನಡುವೆ ಎಷ್ಟು ಉಸಿರು ಬಿಡಬೇಕು, ಇವು ಅವನ ಪ್ರಶ್ನೆಗಳು. ಕಪ್ಪನ್ನು ಬಿಡಿಸುವಷ್ಟೇ ಶ್ರಮ ಬಿಳಿಯನ್ನು ಉಳಿಸುವುದಕ್ಕೂ ಬೇಕು.

ಬಿಳಿ ಉಳಿಯದಿದ್ದರೆ ಏನಾಗುತ್ತದೆ? ಧ ಅಕ್ಷರದ ಸೀಳಿನಲ್ಲಿ ಮಸಿ ತುಂಬಿಕೊಂಡರೆ ಸಾಕು, ಧನ ಹೋಗಿ ದನವಾಗುತ್ತದೆ. ಪ ಅಕ್ಷರದ ಬಾಯಿ ಮುಚ್ಚಿಕೊಂಡರೆ ಪರ ಹೋಗಿ ವರ ಬರುತ್ತಾನೆ. ಮದುವೆಯ ಕಾಗದದಲ್ಲಿ ಇಂಥದು ನಡೆದರೆ ನಗಬಹುದು. ಕೋರ್ಟಿನ ಕಾಗದದಲ್ಲಿ ನಡೆದರೆ ನಗುವಂತಿಲ್ಲ.

ಇನ್ನೊಂದು ತೊಡಕು ನಮ್ಮ ಲಿಪಿಯ ಮೂರು ಅಂತಸ್ತು. ಗುಡಿಸು, ಏತ್ವಗಳು ಮಾಳಿಗೆಯಲ್ಲಿ, ಅಕ್ಷರದ ಮೈ ನಡುಮನೆಯಲ್ಲಿ, ಒತ್ತು ನೆಲಮಾಳಿಗೆಯಲ್ಲಿ. ರಾಷ್ಟ್ರ, ಸ್ತ್ರೀ ಎಂದು ಬರೆಯುವಾಗ ನೆಲಮಾಳಿಗೆಯಲ್ಲಿ ಇಬ್ಬರು ಬಿಡಾರ ಹೂಡುತ್ತಾರೆ. ಮೂರೂ ಅಂತಸ್ತು ಒಂದೇ ಮೊಳೆಯ ಎತ್ತರದಲ್ಲಿ ಹಿಡಿಯಬೇಕಾದ್ದರಿಂದ, ೧೨ ಪಾಯಿಂಟಿನ ಇಂಗ್ಲಿಷಿನ ಪಕ್ಕದಲ್ಲಿ ೧೨ ಪಾಯಿಂಟಿನ ಕನ್ನಡ ಸಣಕಲಾಗಿ ಕಾಣುತ್ತದೆ. ಸಾಲುಗಳನ್ನು ಇಂಗ್ಲಿಷಿನಷ್ಟೇ ಹತ್ತಿರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕನ್ನಡಕ್ಕೆ ಕಾಗದ ಹೆಚ್ಚು ಬೇಕು ಎಂದು ಮುದ್ರಕರು ಗೊಣಗುವುದಕ್ಕೆ ಇದೇ ಕಾರಣ.

ಕಲ್ಲು ಮತ್ತು ಸೀಸ

ಕನ್ನಡದ ಅಚ್ಚುಮೊಳೆಯ ಕಥೆ ಕನ್ನಡ ನಾಡಿನಿಂದ ಬಹು ದೂರದಲ್ಲಿ, ಬಂಗಾಳದ ಶ್ರೀರಾಂಪುರದಲ್ಲಿ ಮೊದಲಾಗುತ್ತದೆ. ಆಗ ಅದು ಡೇನರ ಅಧೀನದಲ್ಲಿದ್ದ ಊರು. ವಿಲಿಯಂ ಕೇರಿ ಎಂಬ ಪಾದ್ರಿ ಅಲ್ಲಿ ಭಾರತದ ಅನೇಕ ಭಾಷೆಗಳಿಗೆ ಮೊಳೆ ಎರಕ ಹೊಯ್ಯಿಸಿದನು. ಪಂಚಾನನ ಕರ್ಮಕಾರ ಮತ್ತು ಅವನ ಅಳಿಯ ಮನೋಹರ ಎಂಬ ಬಂಗಾಳಿ ಕುಶಲಕರ್ಮಿಗಳ ಕೈಚಳಕ ಆ ಕಾರ್ಯಕ್ಕೆ ಬುನಾದಿಯಾಯಿತು. ೧೮೧೨ರ ಮಾರ್ಚ್ ೧೧ರಂದು ಅಲ್ಲಿ ಬೆಂಕಿ ಬಿದ್ದು ಎಷ್ಟೋ ಭಾಷೆಗಳ ಮೊಳೆಗಳು ಕರಗಿಹೋದವು. ಅವರು ಎದೆಗುಂದದೆ ಮತ್ತೆ ಎರಕ ಹೊಯ್ದರು. ೧೮೧೭ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಅನಂತರ ಮದರಾಸಿನಲ್ಲಿ ಮೆಕೆರೆಲ್ಲನ ವ್ಯಾಕರಣ ೧೮೨೦ರಲ್ಲಿಯೂ, ರೀವನ ಇಂಗ್ಲಿಷ್-ಕನ್ನಡ ನಿಘಂಟು ೧೮೨೪ರಲ್ಲಿಯೂ ಅಚ್ಚಾದವು. ಹೊಟ್ಟೆಪಾಡಿಗಾಗಿ ಪರಸ್ಥಳದಲ್ಲಿ ನೆಲೆಸಿದ ನಮ್ಮಂಥವರು ಇದನ್ನು ಓದಿ ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು. ಕನ್ನಡದ ಮೊಳೆಯೂ ಪರಸ್ಥಳದಲ್ಲಿಯೇ ಹುಟ್ಟಿ ಆಮೇಲೆ ಊರಿಗೆ ಹೋದದ್ದು.

ಮೊಳೆ ಮಾಡುವ ಕ್ರಮ ಹೀಗೆ. ಉಕ್ಕಿನ ಕೋಲಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕು. ಅದನ್ನು ತಾಮ್ರದ ತುಂಡಿಗೆ ಹೊಡೆದರೆ ತಗ್ಗಾದ ಅಚ್ಚು ಸಿಗುತ್ತದೆ. ಅದರೊಳಗೆ ಕರಗಿದ ಲೋಹ ಸುರಿದರೆ ಮೊಳೆ. ಬರಿಯ ಸೀಸ ೩೨೭ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ಆದರೆ ಬಲು ಮೆತ್ತಗೆ, ಆರಿದಾಗ ಕುಗ್ಗುವ ಸ್ವಭಾವ ಬೇರೆ. ಅದಕ್ಕೆ ತವರ ಮತ್ತು ಆಂಟಿಮನಿ ಬೆರೆಸಿದರೆ ಇನ್ನೂ ಕಡಿಮೆ ಶಾಖದಲ್ಲಿ ಕರಗಿ, ಗಟ್ಟಿಯಾಗಿ, ಕುಗ್ಗದೆ ಅಚ್ಚಿನ ಮೂಲೆ ಮೂಲೆಯನ್ನೂ ತುಂಬುತ್ತದೆ. ಕಾಲೇಜಿನಲ್ಲಿ ಮಿಶ್ರಲೋಹಗಳ ಪಾಠ ಓದುವಾಗ ಇದು ಪರೀಕ್ಷೆಯ ಐದು ಅಂಕದ ಪ್ರಶ್ನೆಯಾಗಿತ್ತು. ಧ ಅಕ್ಷರದ ಸೀಳು ಉಳಿದದ್ದು ಆಂಟಿಮನಿಯ ದಯೆಯಿಂದ ಎಂದು ಆಗ ಯಾರೂ ಹೇಳಲಿಲ್ಲ.

ಎಲ್ಲ ಕಡೆಯೂ ಮೊಳೆ ಸಿಗುತ್ತಿರಲಿಲ್ಲ. ಮಂಗಳೂರಿಗೆ ೧೮೩೪ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಮೊದಲು ನಂಬಿದ್ದು ಕಲ್ಲಚ್ಚನ್ನು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ ಸಾಮಾನ್ಯ ತತ್ತ್ವದ ಮೇಲೆ ನಿಂತ ವಿದ್ಯೆ ಅದು. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿದರೆ, ಮುದ್ರಣದ ಮಸಿ ಅಕ್ಷರಕ್ಕೆ ಮಾತ್ರ ಅಂಟುತ್ತದೆ. ೧೮೪೩ರ ಜುಲೈ ೧ರಂದು ಹರ್ಮನ್ ಮೊಗ್ಲಿಂಗನು ಹೊರಡಿಸಿದ 'ಮಂಗಳೂರ ಸಮಾಚಾರ' ಹೀಗೆ ಕಲ್ಲಿನಿಂದ ಎದ್ದುಬಂದ ಪತ್ರಿಕೆ. ಕನ್ನಡದ ಮೊದಲ ಪತ್ರಿಕೆ ಅದೇ. ಜುಲೈ ೧ನ್ನು ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮರುವರ್ಷ ಅದು 'ಕನ್ನಡ ಸಮಾಚಾರ'ವಾಗಿ ಬಳ್ಳಾರಿಗೆ ಹೋಯಿತು.

ಕಲ್ಲಚ್ಚಿನಲ್ಲಿ ಕಾಣುವುದು ಒಬ್ಬ ಮನುಷ್ಯನ ಕೈಬರಹ. ಅವನ ಕೈ ನಡುಗಿದರೆ ಪುಟವೂ ನಡುಗುತ್ತದೆ. ಮೊಳೆಯಲ್ಲಿ ಹಾಗಲ್ಲ, ಒಂದು ಸಲ ಕೆತ್ತಿದ ಕ ಸಾವಿರ ಸಲ ಅದೇ ಕ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವೂ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯವೂ ಮೊಳೆಯ ಕೆಲಸದಲ್ಲಿ ಪಳಗಿದವು. ಬೆಂಗಳೂರಿನಲ್ಲಿ ಗ್ಯಾರೆಟ್ಟನ ಭಗವದ್ಗೀತೆ, ಮಂಗಳೂರಿನಲ್ಲಿ ಕಿಟ್ಟೆಲ್ಲರು ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ' (೧೮೭೨), ಕೊನೆಗೆ ಅವರ ಮಹಾನಿಘಂಟು (೧೮೯೪) ಬಂದವು. ಆ ನಿಘಂಟಿನ ಮೊಳೆಗಾರರ ಹೆಸರು ಯಾರ ಬಾಯಲ್ಲೂ ಇಲ್ಲ. ಆದರೆ ನಮ್ಮ ಕಣ್ಣಿಗೆ ಇದೇ ಕನ್ನಡ ಅಕ್ಷರದ ಸರಿಯಾದ ರೂಪ ಎಂಬ ರೂಢಿಯನ್ನು ಹಾಕಿಕೊಟ್ಟವರಲ್ಲಿ ಅವರೂ ಸೇರಿದ್ದಾರೆ.

ಮೊಳೆ ಇದ್ದವರ ಲಿಪಿಯೇ ಲಿಪಿಯಾಯಿತು ಎಂಬುದಕ್ಕೆ ನಮ್ಮ ಸಂಘದ ಅರ್ಧ ಸದಸ್ಯರೇ ಸಾಕ್ಷಿ. ತುಳುವಿಗೆ ತನ್ನದೇ ತಿಗಳಾರಿ ಲಿಪಿ ಇದ್ದರೂ ಬಾಸೆಲ್ ಮಿಷನ್ನಿನವರು ತುಳು ಪುಸ್ತಕಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಮುದ್ರಿಸಿದರು. ಕನ್ನಡ ಅಕ್ಷರದ ತುಳು ಊರೂರಿಗೆ ಹೋಯಿತು. ಹಳೆಯ ಲಿಪಿ ತಾಳೆಗರಿಯಲ್ಲಿ ಉಳಿಯಿತು. ತುಳು-ತಿಗಳಾರಿಗೆ ಯುನಿಕೋಡಿನಲ್ಲಿ ಜಾಗ ದೊರೆತದ್ದು ೨೦೨೪ರಲ್ಲಿ.

ಮುಂಬಯಿಯ ಕೊಡುಗೆ

ನಮ್ಮ ತಾಲೂಕಿನ ಊರಿನಲ್ಲಿ, ನಾವು ಹುಡುಗರಾಗಿದ್ದಾಗ, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೊಳೆಯ ಅಚ್ಚುಕೂಟ ಇನ್ನೂ ಉಸಿರಾಡುತ್ತಿತ್ತು. ಮೊಳೆ ಜೋಡಿಸುವವರು ಖಾನೆಗಳತ್ತ ನೋಡುತ್ತಲೇ ಇರಲಿಲ್ಲ. ಬೆರಳು ತಾನಾಗಿ ಹೋಗಿ ಗ ಎತ್ತಿಕೊಂಡು ಬರುತ್ತಿತ್ತು. ಅವರು ಬಲದಿಂದ ಎಡಕ್ಕೆ, ಕನ್ನಡಿಯ ಬರಹವನ್ನು ನಮಗಿಂತ ವೇಗವಾಗಿ ಓದುತ್ತಿದ್ದರು. ಮೊಳೆ ಸವೆದು ತಲೆಕಟ್ಟು ಮುರಿದ ಅಕ್ಷರಗಳನ್ನು ಬೇರೆ ಡಬ್ಬಿಗೆ ಹಾಕಿ, ಇವಕ್ಕೆ ಪಿಂಚಣಿ ಎನ್ನುತ್ತಿದ್ದರು.

ನಡುವೆ ಬೆರಳಚ್ಚು ಯಂತ್ರದ ಕಾಲವೂ ಬಂದುಹೋಯಿತು. ಇಂಗ್ಲಿಷಿಗಾಗಿ ಹುಟ್ಟಿದ ಆ ಯಂತ್ರದ ಬೆರಳೆಣಿಕೆಯ ಕೀಲಿಗಳಲ್ಲಿ ಕನ್ನಡವನ್ನು ಕೂರಿಸಿದ ಕೀರ್ತಿ ಕೆ. ಅನಂತಸುಬ್ಬರಾಯರದು. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಜಾಗ. ಮೈತುಂಬಿದ ಣ ಉಸಿರು ಕಟ್ಟಿಕೊಂಡು ಕೂರಬೇಕು, ತೆಳ್ಳಗಿನ ರ ಕೈಕಾಲು ಚಾಚಿಕೊಳ್ಳಬೇಕು. ಚೆಲುವು ಕಡಿಮೆಯಾದರೂ ಕನ್ನಡದಲ್ಲಿ ಕಡತ ನಡೆಸಬಹುದೆಂದು ಅದು ತೋರಿಸಿಕೊಟ್ಟಿತು. ಗುಮಾಸ್ತರಾದ ನಾವು ಆ ಉಪಕಾರವನ್ನು ಮರೆಯುವಂತಿಲ್ಲ.

ಅನಂತರ ಬಂದ ಗಣಕಯುಗದಲ್ಲಿ ನಮ್ಮ ಮುಂಬಯಿ ಮಾಡಿದ ಕೆಲಸ ಇಲ್ಲಿಯ ಕನ್ನಡಿಗರಲ್ಲೇ ಅನೇಕರಿಗೆ ತಿಳಿದಿಲ್ಲ. ಮಂಗಳೂರ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದವರು; ಅಕ್ಷರಜೋಡಣೆಯ ಹೊಸ ವಿದ್ಯೆಯನ್ನು ಈ ನಗರದಲ್ಲಿಯೇ ಕರಗತ ಮಾಡಿಕೊಂಡವರು. ಇಂಗ್ಲಿಷ್ ಕೀಲಿಮಣೆಯ ೨೬ ಕೀಲಿಗಳಲ್ಲಿಯೇ ಕನ್ನಡವನ್ನೆಲ್ಲ ಬರೆಯುವ, ಉಚ್ಚಾರಕ್ಕೆ ಹೊಂದಿದ ವಿನ್ಯಾಸವನ್ನು ಅವರು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟು ಹಣ ಪಡೆಯದೆ ಹಂಚಿದರು. ಇಂದು ಕರ್ನಾಟಕ ಸರಕಾರದ ಕಚೇರಿಗಳಲ್ಲಿ ಬಳಕೆಯಲ್ಲಿರುವ ಕೀಲಿಮಣೆಗೆ ಅದೇ ಆಧಾರ.

ಎರಡನೆಯ ಹೆಸರು ರಘುನಾಥ ಕೃಷ್ಣ ಜೋಶಿ. ಮರಾಠಿಯ ಕವಿ, ಅಕ್ಷರ ಕಲಾವಿದ, ಪವಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ ಎಕ್ಸ್‌ಪಿಯನ್ನು ೨೦೦೧ರಲ್ಲಿ ಹೊರತಂದಾಗ ಅದರಲ್ಲಿ ತೆಲುಗಿಗೆ 'ಗೌತಮಿ', ಕನ್ನಡಕ್ಕೆ 'ತುಂಗಾ' ಎಂಬ ಅಕ್ಷರಗಳಿದ್ದವು. ಗೌತಮಿ ಎಂದರೆ ಗೋದಾವರಿ, ತುಂಗೆ ನಮ್ಮವಳು. ಈ ಅಕ್ಷರಗಳು ಸಿದ್ಧವಾದದ್ದು ಜೋಶಿಯವರ ನಿರ್ದೇಶನದಲ್ಲಿ, ಮುಂಬಯಿಯಲ್ಲಿ. ಅವರು ೨೦೦೮ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಕನ್ನಡಿಗನೊಬ್ಬ ಜಗತ್ತಿನ ಯಾವ ಮೂಲೆಯಲ್ಲಿ ಗಣಕ ತೆರೆದರೂ ಶಿವಮೊಗ್ಗೆಯ ಹೊಳೆಯ ಹೆಸರಿನಲ್ಲಿ ಕನ್ನಡ ಕಾಣುವಂತಾಗಿತ್ತು. ಈಗ ಮುಂಬಯಿಯ 'ಏಕ್ ಟೈಪ್' ಎಂಬ ತಂಡದವರು 'ಬಾಲೂ ತಮ್ಮ' ಎಂಬ ಗುಂಡುಗುಂಡಾದ ಕನ್ನಡ ಅಕ್ಷರವನ್ನೂ, ೨೦೨೨ರಲ್ಲಿ ರೋಮನ್ನೂ ಸೇರಿ ಹತ್ತು ಲಿಪಿಗಳ 'ಅನೇಕ್' ಮಾಲೆಯಲ್ಲಿ ಮತ್ತೊಂದು ಕನ್ನಡ ಅಕ್ಷರವನ್ನೂ ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರೆ.

ಹಾಗಾದರೆ ನಮ್ಮ ಕರೆಯೋಲೆ ಕೆಟ್ಟದ್ದು ಏಕೆ? ಯುನಿಕೋಡ್ ಬಳಕೆಗೆ ಬರುವ ಮೊದಲು ಗಣಕದಲ್ಲಿ ಒಂದು ಅಕ್ಷರಮಾಲೆಗೆ ೨೫೬ ಮನೆಗಳು ಮಾತ್ರ. ಕನ್ನಡ ಅಲ್ಲಿ ಹಿಡಿಯಲಾರದು. ಆದ್ದರಿಂದ ಅಕ್ಷರವನ್ನು ಮೈ, ತಲೆಕಟ್ಟು, ಕೊಂಬು, ಒತ್ತು ಎಂದು ಕತ್ತರಿಸಿ ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕೂರಿಸಿದರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗಲೇ ಮನೆಮನೆಯ ಗಣಕಕ್ಕೆ ಕನ್ನಡ ಬಂದದ್ದು. ಆ ಉಪಕಾರ ದೊಡ್ಡದು. ಆದರೆ ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರು ಒತ್ತನ್ನು ಒಂದೊಂದು ಮನೆಯಲ್ಲಿ ಕೂರಿಸಿದ್ದರು. ಒಬ್ಬರ ಬರಹವನ್ನು ಇನ್ನೊಬ್ಬರ ಅಕ್ಷರದಲ್ಲಿ ತೆರೆದರೆ ಬಾಗಿಲು ತೆಗೆದವನು ಅಪರಿಚಿತ. ಯುನಿಕೋಡಿನಲ್ಲಿ ಹಾಗಲ್ಲ, ಕ ಎಂದರೆ ಎಲ್ಲೆಲ್ಲಿಯೂ ೩,೨೨೧ನೆಯ ಸಂಖ್ಯೆಯೇ. ನಾವು ಹಳೆಯ ಅಕ್ಷರದಲ್ಲಿ ಬರೆದು ಕೊಟ್ಟೆವು, ಅಂಗಡಿಯ ಗಣಕ ಅದನ್ನು ಬೇರೊಂದರಲ್ಲಿ ತೆರೆಯಿತು. ತಪ್ಪಿನಲ್ಲಿ ಅರ್ಧ ಪಾಲು ನಮ್ಮದು.

ಒಲವು, ಮುನಿಸು

ತುಂಗೆಯನ್ನು ಕನ್ನಡಿಗರೆಲ್ಲ ಆರತಿ ಎತ್ತಿ ಬರಮಾಡಿಕೊಂಡರೆಂದು ತಿಳಿಯಬೇಡಿ. ಸಣಕಲು, ಮಸುಕು, ಒತ್ತು ಕಾಣುವುದಿಲ್ಲ ಎಂದು ಬೈದವರು ಬಹಳ ಜನ. ನಾವೂ ಬೈದಿದ್ದೇವೆ. ಹೊಸ ಪಾಠಪುಸ್ತಕ ಬಂದಾಗ ಹಳೆಯ ಅಕ್ಷರವೇ ಚೆನ್ನಾಗಿತ್ತು ಎನ್ನದ ತಂದೆ ಇಲ್ಲ. ಇದು ಕನ್ನಡಿಗರ ಕಾಯಿಲೆಯಷ್ಟೇ ಅಲ್ಲ.

ಜರ್ಮನರನ್ನು ನೋಡಿ. ಮೊಗ್ಲಿಂಗ್, ಕಿಟ್ಟೆಲ್ಲರು ಹುಟ್ಟಿದ ಆ ನಾಡಿನಲ್ಲಿ ಕೋನಕೋನವಾದ 'ಫ್ರಾಕ್ಟೂರ್' ಎಂಬ ಅಕ್ಷರ ಶತಮಾನಗಟ್ಟಲೆ ನಡೆದುಬಂದಿತ್ತು. ಅದೇ ನಿಜವಾದ ಜರ್ಮನ್ ಅಕ್ಷರ, ರೋಮನ್ ಪರಕೀಯ ಎಂದು ವಾದಿಸುವವರು ಒಂದು ಕಡೆ. ಜಗತ್ತಿನೊಡನೆ ಹೆಜ್ಜೆ ಹಾಕಲು ರೋಮನ್ ಬೇಕೆನ್ನುವವರು ಇನ್ನೊಂದು ಕಡೆ. ಮೊದಲು ಫ್ರಾಕ್ಟೂರನ್ನು ಮೆರೆಸಿದ ನಾಜಿಗಳೇ ೧೯೪೧ರ ಜನವರಿಯಲ್ಲಿ ಅದು ಯಹೂದ್ಯರ ಅಕ್ಷರವೆಂಬ ಹಸಿ ಸುಳ್ಳನ್ನು ಹೇಳಿ ನಿಷೇಧಿಸಿದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜನ ಪುಸ್ತಕ ಮೊಮ್ಮಗನಿಗೆ ಕಷ್ಟವಾಯಿತು.

ಇಷ್ಟು ಘೋರವಲ್ಲದ ಉದಾಹರಣೆಗಳೂ ಇವೆ. ನಮ್ಮ ಕಚೇರಿಗಳಲ್ಲಿ ಕಣ್ಣಿಗೆ ಒಗ್ಗಿಹೋದ 'ಟೈಮ್ಸ್ ನ್ಯೂ ರೋಮನ್' ಲಂಡನ್ನಿನ ಟೈಮ್ಸ್ ಪತ್ರಿಕೆಗಾಗಿ ಸ್ಟ್ಯಾನ್ಲಿ ಮಾರಿಸನ್ನನ ಮೇಲ್ವಿಚಾರಣೆಯಲ್ಲಿ ತಯಾರಾಗಿ ೧೯೩೨ರಲ್ಲಿ ಬಳಕೆಗೆ ಬಂತು. ಅದರಲ್ಲಿಲ್ಲದ ಟಿಪ್ಪಣಿ ಟಿಪ್ಪಣಿಯೇ ಅಲ್ಲ ಎಂದು ನಂಬಿದ ಮೇಲಧಿಕಾರಿಗಳನ್ನು ನಾವು ಕಂಡಿದ್ದೇವೆ. ೧೯೫೭ರ 'ಹೆಲ್ವೆಟಿಕಾ' ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಗ್ಗುಲಿನ ಹಾಸ್ ಎರಕಶಾಲೆಯಲ್ಲಿ ಹುಟ್ಟಿತು. ಮಂಗಳೂರಿಗೆ ಮಿಷನ್ನನ್ನು ಕಳಿಸಿದ ಊರೂ ಅದೇ ಬಾಸೆಲ್. ಹೆಲ್ವೆಟಿಕಾದಂಥ ನಿರ್ಮಲ ಅಕ್ಷರ ಇಲ್ಲ ಎನ್ನುವವರೂ, ಅದು ಆಸ್ಪತ್ರೆಯ ಗೋಡೆಯಂತಿದೆ ಎನ್ನುವವರೂ ಇಂದಿಗೂ ಜಗಳ ಬಿಟ್ಟಿಲ್ಲ. ೧೯೯೪ರಲ್ಲಿ ವಿನ್ಸೆಂಟ್ ಕೊನೇರ್ ಬಿಡಿಸಿದ 'ಕಾಮಿಕ್ ಸಾನ್ಸ್' ಎಂಬ ಮಕ್ಕಳಾಟದ ಅಕ್ಷರವನ್ನಂತೂ ಜಗತ್ತೇ ಹಳಿಯಿತು. ೨೦೧೨ರ ಜುಲೈ ೪ರಂದು ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಕಣದ ಸಂಶೋಧನೆಯನ್ನು ಪ್ರಕಟಿಸುವಾಗ ಫಾಬಿಯೋಲಾ ಜಿಯಾನೊಟ್ಟಿ ಅವರು ಆ ಅಕ್ಷರವನ್ನು ಬಳಸಿದರು. ಅರ್ಧ ಶತಮಾನ ಹುಡುಕಿದ ಕಣ ಸಿಕ್ಕಿದ ದಿನ ಕೆಲವರು ಅಕ್ಷರದ ಬಗ್ಗೆ ಆಕ್ಷೇಪ ಎತ್ತಿದರು!

ಕಾರಣ ಏನಿರಬಹುದು? ನಮಗೆ ತೋಚುವುದು ಇಷ್ಟು. ಓದುವವನು ಅಕ್ಷರವನ್ನು ನೋಡುವುದಿಲ್ಲ, ಅದರ ಮೂಲಕ ನೋಡುತ್ತಾನೆ, ಕಿಟಕಿಯ ಗಾಜಿನ ಹಾಗೆ. ಯಾವ ಗಾಜಿನ ಮೂಲಕ ಮೊದಲು ಲೋಕ ಕಂಡಿತೋ ಅದೇ ಸ್ವಚ್ಛ ಗಾಜು ಎನಿಸುತ್ತದೆ. ಗಾಜು ಬದಲಾದ ದಿನ ಮಾತ್ರ ಅದು ಕಣ್ಣಿಗೆ ಬೀಳುತ್ತದೆ, ಕಿರಿಕಿರಿಯಾಗುತ್ತದೆ. ಅಕ್ಷರ ಸಮಯೋಚಿತವಾಗಿಲ್ಲದಿದ್ದರೂ ಹಾಗೆಯೇ. ವೈದಿಕಕ್ಕೆ ಬಣ್ಣದ ಅಂಗಿ ತೊಟ್ಟು ಹೋದಂತೆ. ಮೂರನೆಯದಾಗಿ ಅಕ್ಷರ ಒಂದು ಗುಂಪಿನ ಬಾವುಟವೂ ಆಗುತ್ತದೆ. ಮೊದಲ ಎರಡು ಮುನಿಸು ಕಾಲಕ್ರಮದಲ್ಲಿ ಇಳಿದುಹೋಗುತ್ತವೆ. ಮೂರನೆಯದು ಹಾಗಲ್ಲ ಎಂಬುದನ್ನು ನಾವು ವಾಸಿಸುವ ಊರೇ ಹೇಳುತ್ತದೆ.

ಪೆಟ್ಟಿಗೆಯ ಕಾಗದಗಳು

ಉಲ್ಹಾಸನಗರ ಮೊದಲು ಕಲ್ಯಾಣದ ಸೇನಾ ಶಿಬಿರ. ದೇಶ ಒಡೆದಾಗ ಸಿಂಧದಿಂದ ಬಂದ ನಿರಾಶ್ರಿತರನ್ನು ಅದರ ಬ್ಯಾರಕುಗಳಲ್ಲಿ ಇಳಿಸಿದರು. ೧೯೪೯ರ ಆಗಸ್ಟ್ ೮ರಂದು ರಾಜಾಜಿಯವರು ಉಲ್ಹಾಸ್ ನದಿಯ ಹೆಸರಿನಲ್ಲಿ ಊರಿಗೆ ಅಡಿಗಲ್ಲು ಹಾಕಿದರು. ಕ್ಯಾಂಪ್ ಒಂದು, ಕ್ಯಾಂಪ್ ಎರಡು ಎಂಬ ಎಣಿಕೆ ಇಂದಿಗೂ ವಿಳಾಸಗಳಲ್ಲಿ ಉಳಿದಿದೆ.

ಆ ಜನರ ಲಿಪಿಯ ಚರಿತ್ರೆಯೂ ನಮ್ಮ ಚರಿತ್ರೆಯೂ ಒಂದೇ ಕಚೇರಿಯಲ್ಲಿ ಕೂಡುತ್ತವೆ. ಸಿಂಧವೂ ಧಾರವಾಡವೂ ಒಂದು ಕಾಲಕ್ಕೆ ಮುಂಬಯಿ ಸರಕಾರದ ಕೆಳಗಿದ್ದವು. ಸಿಂಧಿಗೆ ಯಾವ ಲಿಪಿ ಎಂಬ ಚರ್ಚೆ ಹತ್ತೊಂಬತ್ತನೆಯ ಶತಮಾನದ ನಡುವೆ ಎದ್ದಿತು. ಜಾರ್ಜ್ ಸ್ಟ್ಯಾಕ್ ಎಂಬ ಅಧಿಕಾರಿ ೧೮೪೯ರಲ್ಲಿ ದೇವನಾಗರಿಯಲ್ಲಿ ಸಿಂಧಿ ನಿಘಂಟು ಅಚ್ಚು ಹಾಕಿಸಿದ್ದನು. ಕೊನೆಗೆ ೧೮೫೩ರಲ್ಲಿ ಸರಕಾರ ಅರಬ್ಬಿ ಮೂಲದ, ೫೨ ಅಕ್ಷರಗಳ ಲಿಪಿಯನ್ನು ನಿಶ್ಚಯಿಸಿತು. ಅದೇ ಸರಕಾರದ ಆಳ್ವಿಕೆಯಲ್ಲಿ ಧಾರವಾಡದ ಕಡೆಯ ಶಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳನ್ನು ನಿಲ್ಲಿಸಿದರು.

ಭಾರತಕ್ಕೆ ಬಂದ ಸಿಂಧಿಗಳಲ್ಲಿ ಹಳೆಯ ವಾದ ಮತ್ತೆ ಎದ್ದಿತು. ನೆರೆಹೊರೆಯವರೆಲ್ಲ ದೇವನಾಗರಿಯವರು, ಮಕ್ಕಳು ಶಾಲೆಯಲ್ಲಿ ಅದನ್ನೇ ಕಲಿಯುವವರು. ಸಿಂಧಿಯನ್ನೂ ಅದರಲ್ಲೇ ಬರೆದರೆ ಭಾಷೆ ಉಳಿಯುತ್ತದೆ ಎಂದರು ಕೆಲವರು. ನಮ್ಮ ಕಾವ್ಯ, ಕಾಗದಪತ್ರ, ಹಿರಿಯರ ಬರಹವೆಲ್ಲ ಅರಬ್ಬಿ ಲಿಪಿಯಲ್ಲಿದೆ, ಅದನ್ನು ಬಿಟ್ಟರೆ ಎರಡನೆಯ ಸಲ ನಿರಾಶ್ರಿತರಾಗುತ್ತೇವೆ ಎಂದರು ಇನ್ನು ಕೆಲವರು. ಕೇಂದ್ರ ಸರಕಾರ ಮೊದಲು ದೇವನಾಗರಿಯ ಕಡೆ ವಾಲಿ, ಆಕ್ಷೇಪ ಬಂದ ಮೇಲೆ ಎರಡನ್ನೂ ಒಪ್ಪಿತು. ೧೯೬೭ರಲ್ಲಿ ಸಿಂಧಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ಎರಡೂ ಕಡೆಯವರ ವಾದದಲ್ಲಿ ಹುರುಳಿತ್ತು. ಆದರೂ ಮುದ್ರಣಾಲಯದ ಆ ಹಿರಿಯರ ಮನೆಯಲ್ಲಿ ಪೆಟ್ಟಿಗೆ ಮುಚ್ಚಿಯೇ ಇದೆ.

ಈಗ ಸಂಘದ ಸಲಹೆಗೆ ಬರೋಣ. ದೇವನಾಗರಿಯಲ್ಲಿ ಕನ್ನಡ ಬರೆದರೆ ಮಕ್ಕಳು ನಾಳೆಯೇ ಓದುತ್ತಾರೆ, ನಿಜ. ಆದರೆ ಹ್ರಸ್ವ ಎ, ಹ್ರಸ್ವ ಒ ಮರಾಠಿಯ ಅಕ್ಷರಮಾಲೆಯಲ್ಲಿಲ್ಲ. ಕೊಡು ಮತ್ತು ಕೋಡು, ಎಡೆ ಮತ್ತು ಏಡಿ ಇವುಗಳ ಉಚ್ಚಾರ ಅಲ್ಲಿ ತಡವರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಹಾಗೆ ಓದಲು ಕಲಿತ ಮಗು ನಮ್ಮ ಸಂಘದ ಆ ಒಂದು ಪುಟವನ್ನು ಮಾತ್ರ ಓದೀತು. ಅಜ್ಜಿಯ ಕಾಗದ, ಊರಿನ ಬಸ್ಸಿನ ಬೋರ್ಡು, ಗ್ರಂಥಾಲಯದ ಕಪಾಟು, ಯಾವುದೂ ಅದಕ್ಕೆ ತೆರೆಯುವುದಿಲ್ಲ. ಜರ್ಮನಿಯ ಮೊಮ್ಮಗನ ಅವಸ್ಥೆಯೇ ನಮ್ಮ ಮಕ್ಕಳದಾಗುತ್ತದೆ. ಅದೂ ಯಾವ ಸರಕಾರದ ಆಜ್ಞೆಯೂ ಇಲ್ಲದೆ, ನಮ್ಮ ಕೈಯಾರೆ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗೆ. ಮಕ್ಕಳ ಪುಟ ಕನ್ನಡ ಅಕ್ಷರದಲ್ಲಿಯೇ ಇರಲಿ. ಆದರೆ ದೊಡ್ಡದಾಗಿ, ಸಾಲುಗಳ ನಡುವೆ ಜಾಗ ಬಿಟ್ಟು, ಧ ಅಕ್ಷರದ ಸೀಳೂ ಪ ಅಕ್ಷರದ ಬಾಯಿಯೂ ತೆರೆದಿರುವ ಒಂದು ಒಳ್ಳೆಯ ಅಕ್ಷರವನ್ನು ಆರಿಸಿ ಅಚ್ಚು ಹಾಕೋಣ. ಹಿರಿಯರಿಗೆ ಅದು ಬಾಲಿಶವಾಗಿ ಕಂಡರೂ ಚಿಂತೆಯಿಲ್ಲ. ಮೊದಲ ಗಾಜು ಮಕ್ಕಳದು. ತಿಂಗಳಿಗೆ ನಾಲ್ಕು ಅಕ್ಷರದಂತೆ ಕಲಿಸಿದರೂ ೪೯ ಅಕ್ಷರಕ್ಕೆ ಹದಿಮೂರು ತಿಂಗಳು ಸಾಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಸಂಘದ ಕೋಣೆಯಲ್ಲಿ ಕುಳಿತು ಕಲಿಸಲು ನಾವು ಸಿದ್ಧ. ಜೊತೆಗೆ ಬರುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕೆಂದು ವಿನಂತಿ. ಪತ್ರಿಕೆಗೆ ಲೇಖನ ಕಳಿಸುವವರು ಯುನಿಕೋಡಿನಲ್ಲಿಯೇ ಕಳಿಸಲಿ ಎಂಬುದು ಇನ್ನೊಂದು ವಿನಂತಿ; ನಮಗಾದ ಪಾಡು ಅವರಿಗಾಗದಿರಲಿ.

ಕರೆಯೋಲೆ ಮೂರನೆಯ ದಿನ ಸರಿಯಾಗಿ ಬಂತು. ಈ ಸಲ ಅಚ್ಚಿಗೆ ಮೊದಲು ಕರಡನ್ನು ತಿದ್ದಲು ಏಳನೆಯ ಇಯತ್ತೆಯ ನಮ್ಮ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ಅವಳಿಗೆ ಕನ್ನಡ ಓದಲು ಬಾರದು. ಆದರೆ ಮನೆಯ ಪಟದ ಕೆಳಗಿದ್ದ ಅಜ್ಜನ ಹೆಸರಿನ ಚೀಟಿಯನ್ನು ಕೈಯಲ್ಲಿ ಹಿಡಿದು, ಕರಡಿನ ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರವನ್ನು ಚಿತ್ರದಂತೆ ಹೋಲಿಸಿ ನೋಡಿದಳು. ಒತ್ತಿನ ಬಳಿ ಬೆರಳಿಟ್ಟು, ಇದು ಈಗ ಇದೆ ಎಂದಳು. ಹಿರಿಯರು ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. ಬಲವಂತ ಮಾಡಿ ಕೊಟ್ಟು ಬಂದೆವು.